ಕಳ್ಳನ ಕೈಗೆ ತಿರುಗದ ಕೀಲಿ

ನಾನು ಒಂದು ಬೈಕಿನ ಇಗ್ನಿಷನ್ ಸ್ವಿಚ್. ಚಾವಿ ಹಾಕಿ ತಿರುಗಿಸುತ್ತೀರಲ್ಲ, ಆ ಜಾಗ. ನರೇಗಲ್ ಕಡೆಯ ಜನ ನನ್ನನ್ನು ಸುಮ್ಮನೆ ಕೀಲಿ ಅನ್ನುತ್ತಾರೆ. ನನಗೂ ಅದೇ ಹೆಸರು ಹಿತ.

ನನ್ನ ಕೆಲಸ ಎರಡು. ಬಲಕ್ಕೆ ತಿರುಗಿಸಿದರೆ ಇಂಜಿನ್ನಿಗೆ ಜೀವ ಬರಲು ಬಿಡುತ್ತೇನೆ. ಹ್ಯಾಂಡಲ್ ಹೊರಳಿಸಿ ಎಡಕ್ಕೆ ತಿರುಗಿಸಿದರೆ ನನ್ನೊಳಗಿನ ಉಕ್ಕಿನ ಮೊಳೆ ಗಾಡಿಯ ಕತ್ತಿನೊಳಗೆ ಇಳಿದು ಕೂರುತ್ತದೆ. ಆಮೇಲೆ ಮುಂದಿನ ಚಕ್ರ ನೆಟ್ಟಗಾಗುವುದಿಲ್ಲ. ಗಾಡಿಯನ್ನು ಹೊತ್ತುಕೊಂಡು ಹೋಗಬಹುದು, ತಳ್ಳಿಕೊಂಡು ಹೋಗಲಾಗದು.

ಹುಟ್ಟಿದ್ದು ಕಾರ್ಖಾನೆಯ ಅಚ್ಚಿನಲ್ಲಿ, ಕರಗಿದ ಲೋಹದಿಂದ. ಹೊಟ್ಟೆಯೊಳಗೆ ಹಿತ್ತಾಳೆಯ ತೆಳು ಎಸಳುಗಳನ್ನು ಜೋಡಿಸಿದರು. ಒಂದೊಂದರ ಎತ್ತರ ಒಂದೊಂದು. ಸರಿಯಾದ ಚಾವಿ ಬಂದು ಅವನ್ನೆಲ್ಲ ಒಂದೇ ಮಟ್ಟಕ್ಕೆ ತಂದರೆ ಮಾತ್ರ ನಾನು ತಿರುಗಬೇಕು. ಪರೀಕ್ಷೆ ಮಾಡುವ ಹೆಂಗಸು ಮೊದಲು ನನ್ನ ಚಾವಿ ಹಾಕಿದಳು, ತಿರುಗಿದೆ. ಆಮೇಲೆ ಇನ್ಯಾವುದೋ ಚಾವಿ ಹಾಕಿ ಬಲವಾಗಿ ಒತ್ತಿದಳು, ತಿರುಗಲಿಲ್ಲ. ಅವಳು ತಲೆಯಾಡಿಸಿ ನನ್ನನ್ನು ಪೆಟ್ಟಿಗೆಗೆ ಹಾಕಿದಳು. ನಾನು ಕಲಿತ ವಿದ್ಯೆ ಅಷ್ಟೇ. ಅದೇ ಚಾವಿಗೆ ತೆರೆಯುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನನ್ನ ಒಡಹುಟ್ಟು. ಇಬ್ಬರೂ ಒಂದೇ ಬೈಕಿಗೆ ಬಂದೆವು.

ಮೊದಲ ಮಾಲೀಕರು ಗದಗಿನಲ್ಲಿ ಔಷಧ ಅಂಗಡಿ ಇಟ್ಟಿದ್ದ ಪಂಚಾಕ್ಷರಯ್ಯ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಧೂಳು ಕಂಡರೆ ಕರವಸ್ತ್ರದಿಂದ ಒರೆಸುತ್ತಿದ್ದರು. ಅವರ ಕೈಯಲ್ಲಿ ನನಗೆ ಕಷ್ಟವೂ ಇರಲಿಲ್ಲ, ಕಥೆಯೂ ಇರಲಿಲ್ಲ. ಅವರು ಕಾರು ಕೊಂಡಾಗ ಬೈಕು ನರೇಗಲ್ಲಿನ ಫಕ್ಕೀರವ್ವನ ಪಾಲಾಯಿತು.

ಫಕ್ಕೀರವ್ವನದು ಹಗ್ಗದ ವ್ಯಾಪಾರ. ಗಂಡ ಮುದಕಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಇವಳು ಸಂತೆಯಿಂದ ಸಂತೆಗೆ ಒಯ್ದು ಮಾರುತ್ತಿದ್ದಳು. ಮೊದಲು ಬಸ್ಸಿನಲ್ಲಿ. ಹಗ್ಗದ ಹೊರೆ ಕಂಡರೆ ಕಂಡಕ್ಟರ್ ಮುಖ ತಿರುಗಿಸುತ್ತಿದ್ದ. ಸಂತೆ ತಲುಪುವ ಹೊತ್ತಿಗೆ ಎತ್ತು ಕೊಂಡವರು ಬೇರೆ ಕಡೆ ಮೂಗುದಾರ ಕೊಂಡು ಹೋಗಿರುತ್ತಿದ್ದರು. ಮುದಕಪ್ಪನಿಗೆ ಗಾಡಿ ಹೊಡೆಯಲು ಬರಲಿಲ್ಲ. ಎರಡು ಸಲ ಕಲಿಯಲು ಹೋಗಿ ಎರಡು ಸಲವೂ ತಿಪ್ಪೆಗೆ ಬಿದ್ದ. ಫಕ್ಕೀರವ್ವ ಕಲಿತಳು. ಸೀರೆಯ ಕಚ್ಚೆ ಹಾಕಿ, ಹಿಂದೆ ಹಗ್ಗದ ಹೊರೆ ಬಿಗಿದು ಅವಳು ಹೊರಟರೆ ಊರು ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು. ಅವಳು ಊರನ್ನು ನೋಡುತ್ತಿರಲಿಲ್ಲ. ರಸ್ತೆ ನೋಡುತ್ತಿದ್ದಳು.

ಊರಿಗಿಂತ ಹೆಚ್ಚಾಗಿ ಮುದಕಪ್ಪನ ಅಣ್ಣ ಯಮನಪ್ಪನಿಗೆ ಇದು ಸರಿಬರುತ್ತಿರಲಿಲ್ಲ. "ಬಸ್ ಸತ್ತಾವೇನವಾ?" ಎಂದು ಕೇಳುತ್ತಿದ್ದ.

"ಸತ್ತಿಲ್ರಿ ಭಾವಾರ. ನಿಂದರೂದಿಲ್ಲ ಅಷ್ಟ."

ಮುದಕಪ್ಪ ಗಾಡಿ ಹೊಡೆಯದಿದ್ದರೂ ಭಕ್ತಿಯಲ್ಲಿ ಕಡಿಮೆ ಇರಲಿಲ್ಲ. ಪ್ರತಿ ವರ್ಷ ಮಹಾನವಮಿಯ ಆಯುಧ ಪೂಜೆಗೆ ಗಾಡಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕೊನೆಗೆ ನನ್ನ ಬಾಯೊಳಗೆ ಒಂದು ಚಿಟಿಕೆ ಕುಂಕುಮ ತುರುಕುತ್ತಿದ್ದ. ಹೆಂಡತಿ ಬೈದರೆ, "ದೇವರ ಬಾಯಿಗೆ ನೈವೇದ್ಯ ಹಿಡಿಯೂದಿಲ್ಲೇನು? ಇದರ ಬಾಯಿ ಇದ ಐತಿ" ಅನ್ನುತ್ತಿದ್ದ. ಕುಂಕುಮ ಎಣ್ಣೆಗೆ ಕಲೆತು, ಸಂತೆಯ ಧೂಳು ಸೇರಿ, ಒಳಗೆ ಅಂಟಿನಂತೆ ಕೂತಿತು. ನಾನು ಬಿಗಿಯಾದೆ. ಚಾವಿಯನ್ನು ಪೂರ್ತಿ ಒತ್ತಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಆಮೇಲೆ ತಿರುಗಿಸಬೇಕು. ಆ ಕೈಚಳಕ ಫಕ್ಕೀರವ್ವನಿಗೆ ಮಾತ್ರ ಗೊತ್ತಿತ್ತು.

ಆ ದಿನ ಗಜೇಂದ್ರಗಡದ ಸಂತೆ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಅವಳು ಆಚೆ ಸಾಲಿನಲ್ಲಿ ಅಂಗಡಿ ಹಾಸಿದಳು. ಮರದ ಪಕ್ಕದಲ್ಲೇ, ಆಮೇಲೆ ಬಂದು ಕೂತ ರಾಜಾಬಿಯ ಶೇಂಗಾ ಬುಟ್ಟಿ; ಗಾಡಿ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಇಸ್ತ್ರಿ ಅಂಗಿಯ ಒಬ್ಬ ಬಂದು ಗಾಡಿಯ ಮೇಲೆ ಕೂತ. ಆತುರವಿಲ್ಲ, ಅಂಜಿಕೆಯಿಲ್ಲ, ತನ್ನದೇ ಗಾಡಿ ಎಂಬಂತೆ. ಜೇಬಿನಿಂದ ಸವೆದು ನುಣುಪಾದ ಚಾವಿ ತೆಗೆದು ನನ್ನೊಳಗೆ ಹಾಕಿದ. ಎಂಥ ಕೀಲಿಯನ್ನೂ ಪುಸಲಾಯಿಸುವ ಚಾವಿ ಅದು. ಆದರೆ ಕುಂಕುಮದ ಅಂಟಿನಲ್ಲಿ ಅರ್ಧಕ್ಕೆ ನಿಂತಿತು. ಎಳೆದ, ಒತ್ತಿದ, ಬೆವರಿದ.

ರಾಜಾಬಿ ನೋಡಿದಳು. "ಯಾಕಪಾ, ಚಾವಿ ಕಳಕೊಂಡಿಯೇನು?"

"ಹೂನಬೇ. ಇದು ಬ್ಯಾರೆ ಗಾಡೀದು."

ಎಂಟೆದೆ ಇದ್ದವನ ಉತ್ತರ ಅದು. ಅವಳಿಗೆ ಕನಿಕರ ಬಂತು, ಚರಿಗೆಯಲ್ಲಿ ನೀರು ಕೊಟ್ಟಳು. ಅವನು ಕುಡಿದ. ಆಮೇಲೆ ಸಿಕ್ಕಿಕೊಂಡ ಚಾವಿಯನ್ನು ಕಿತ್ತು, ಸ್ಕ್ರೂಡ್ರೈವರ್ ತೆಗೆದು ನನ್ನ ಬಾಯಿಗಿಟ್ಟು ಅಂಗೈಯಿಂದ ಗುದ್ದಿದ. ಬಿಸಿಲಲ್ಲಿ ಒದ್ದಾಡುವವನನ್ನು ಕಂಡು ರಾಜಾಬಿಯೇ, "ಕೈಲೆ ಯಾಕ ಹೊಡಿತೀಯೋ, ಅಲ್ಲೊಂದು ಕಲ್ಲೈತಿ ನೋಡು" ಎಂದಳು.

ಅವನು ಕಲ್ಲು ತೆಗೆದುಕೊಂಡ.

ಮುಂದಿನದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಮೊದಲ ಏಟಿಗೆ ನನ್ನ ಬಾಯಿ ಹರಿಯಿತು. ಎರಡನೆಯದಕ್ಕೆ ಮುಂದಿನ ಎಸಳುಗಳು ಮುರಿದವು. ಸ್ಕ್ರೂಡ್ರೈವರ್ ಒಳಗೆ ಇಳಿಯಿತು. ಅವನು ಎರಡೂ ಕೈಯಿಂದ ಹಿಡಿದು ತಿರುವಿದ. ಹಿಂದಿನ ಎಸಳುಗಳು ಇನ್ನೂ ನಿಂತಿದ್ದವು. ನಾನು ತಿರುಗಲಿಲ್ಲ. ಇನ್ನೊಮ್ಮೆ ತಿರುವಿದ. ಟಣ್ ಎಂದು ಮುರಿಯಿತು. ಮುರಿದದ್ದು ನಾನಲ್ಲ, ಸ್ಕ್ರೂಡ್ರೈವರಿನ ತುದಿ. ಅದು ನನ್ನ ಗಂಟಲಲ್ಲೇ ಉಳಿಯಿತು. ಸಿಟ್ಟಿಗೆದ್ದು ಹ್ಯಾಂಡಲ್ಲಿಗೆ ಒದ್ದ. ಗಾಡಿ ಅಲುಗಿತು, ಕತ್ತಿನೊಳಗಿನ ಮೊಳೆ ಅಲುಗಲಿಲ್ಲ.

ಒದೆಯ ಸದ್ದಿಗೆ ಫಕ್ಕೀರವ್ವ ತಲೆ ಎತ್ತಿದಳು. "ಯಾರಪಾ ಅದು, ನನ್ನ ಗಾಡಿ ಮ್ಯಾಲೆ?"

ಅವನು ಇಳಿದ, ಕೈ ಒರೆಸಿಕೊಂಡ, ಮೆಣಸಿನಕಾಯಿ ಚೀಲಗಳ ನಡುವೆ ನಡೆದುಕೊಂಡೇ ಹೋದ. ಓಡಲೂ ಇಲ್ಲ.

ರಾಜಾಬಿ ಕೈಯಲ್ಲಿ ಚರಿಗೆ ಹಿಡಿದು ನಿಂತೇ ಇದ್ದಳು. "ಫಕ್ಕೀರಕ್ಕಾ, ನಾನ ಅವಗ ನೀರ ಕೊಟ್ಟೆ. ಕಲ್ಲೂ ತೋರಿಸಿದೆ."

"ಶೇಂಗಾ ಕೊಟ್ಟಿಲ್ಲಲ್ಲ, ಬಿಡು," ಎಂದಳು ಫಕ್ಕೀರವ್ವ. ನಕ್ಕಳು. ಆಮೇಲೆ ನನ್ನ ಹರಿದ ಬಾಯಿಯನ್ನು ಸೆರಗಿನಿಂದ ಒರೆಸಿದಳು.

ಚಾವಿ ಹೋಗದು, ಹ್ಯಾಂಡಲ್ ಹೊರಳದು. ಗಾಡಿ ಅಲ್ಲಿಂದ ಕದಲುವಂತಿರಲಿಲ್ಲ. ಮೆಕ್ಯಾನಿಕ್ ದಾವಲಸಾಬನೇ ಚೀಲ ಹಿಡಿದು ಬಂದ. ಸುದ್ದಿ ಕೇಳಿ ಮುದಕಪ್ಪನೂ ಅವನ ಅಣ್ಣನೂ ಸಿಕ್ಕ ಟೆಂಪೊ ಹತ್ತಿ ಬಂದಿಳಿದರು.

ಯಮನಪ್ಪ ಗಾಡಿಯನ್ನು ಒಂದು ಸುತ್ತು ಹಾಕಿದ. "ಹೆಣ್ಣಮಗಳ ಗಾಡಿ ಅಂತ ಗುರುತು ಹಿಡಿದು ಬಂದಾನ. ಇವತ್ತ ಗಾಡಿ, ನಾಳೆ ಕೊರಳಾಗಿನ ತಾಳಿ. ಮಾರಿಬಿಡು ಮುದಕಪ್ಪಾ. ಕೊಳ್ಳವರು ನನ್ನ ಕಡೆ ಅದಾರ."

ಮುದಕಪ್ಪ ಬಗ್ಗಿ ನನ್ನ ಹರಿದ ಬಾಯಿ ನೋಡತೊಡಗಿದ. ಗಾಡಿ ಹೋದರೆ ಏನು ಹೋಗುತ್ತದೆ ಎಂದು ಫಕ್ಕೀರವ್ವನಿಗೆ ಗೊತ್ತಿತ್ತು. ಮತ್ತೆ ಬಸ್ಸಿನ ಬಾಗಿಲು, ಕಂಡಕ್ಟರನ ಮುಖ, ಕಟ್ಟೆಯ ಮೇಲಿನವರ ನಗು.

"ಕಳ್ಳಗ ಆಗಲಿಲ್ಲ ಒಯ್ಯಾಕ," ಎಂದಳು. "ನೀವ್ಯಾಕ ಒಯ್ತೀರಿ ಭಾವಾರ?"

ಯಮನಪ್ಪ ಬೇವಿನ ಮರ ನೋಡಿದ.

ದಾವಲಸಾಬ ನನ್ನೊಳಗೆ ಟಾರ್ಚ್ ಬಿಟ್ಟು ನೋಡಿ ಬೆರಳಿಗೆ ಕೆಂಪು ಹತ್ತಿಸಿಕೊಂಡ. "ಇದ್ಯಾರ ಕೆಲಸ?"

ಮುದಕಪ್ಪ ತಲೆ ತಗ್ಗಿಸಿದ. "ಕುಂಕುಮ. ನಾನ ಹಾಕಿದ್ದು. ಅದಕ್ಕ ಕೆಟ್ಟತೇನು?"

"ಕೆಟ್ಟಿತ್ತು ಖರೆ. ಆದರ ಅವನ ಚಾವಿ ಅದರಾಗ ಸಿಕ್ಕೊಂಡಿತ್ತು, ಅದೂ ಖರೆ."

ಮುದಕಪ್ಪನ ಎದೆ ಅಂಗೈಯಗಲ ಉಬ್ಬಿತು. ಅಂದಿನಿಂದ ಅವನು ಎಲ್ಲರಿಗೂ ಕುಂಕುಮವೇ ಗಾಡಿ ಉಳಿಸಿತು ಎಂದು ಹೇಳುತ್ತಾನೆ. ನಾನು ಅದನ್ನು ತಿದ್ದಬೇಕು: ಕುಂಕುಮ ತಡೆದದ್ದು ಚಾವಿಯನ್ನು ಮಾತ್ರ. ಕಲ್ಲನ್ನು ತಡೆದದ್ದು ನಾನು.

"ವೈರ್ ಎರಡೂ ಕೂಡಿಸಿ ಒಂದು ಗುಂಡಿ ಹಾಕಿಬಿಡ್ಲ್ಯಾ?" ದಾವಲಸಾಬ ಕೇಳಿದ. "ಒತ್ತಿದರ ಚಾಲೂ. ಚಾವಿ ಕಾಟನ ಇಲ್ಲ."

"ಮೂಗುದಾರ ಮಾರಾಕಿ ನಾನು. ಕೀಲಿ ಇಲ್ಲದ ಗಾಡಿ ಅಂದರ ಮೂಗುದಾರ ಇಲ್ಲದ ಹೋರಿ. ಯಾರ ಕರದರೂ ಹೊಕ್ಕೈತಿ. ಹೊಸಾ ಕೀಲಿನ ಹಾಕು."

ನನ್ನನ್ನು ಬಿಗಿದ ಬೋಲ್ಟುಗಳು ಹಾಕಲಷ್ಟೇ ಬರುವಂಥವು, ಬಿಚ್ಚಲು ಬರುವಂಥವಲ್ಲ. ದಾವಲಸಾಬ ಚಾಣ ಇಟ್ಟು ಸುತ್ತಿಗೆಯಿಂದ ತಟ್ಟಿ ತಟ್ಟಿ ತಿರುಗಿಸಿದ. ಕಳ್ಳನ ಏಟಿಗೂ ಇದಕ್ಕೂ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಇದು ಮನೆಯವರು ಕರೆಸಿದ ಕೈ. ನಾನು ಬಿಟ್ಟುಕೊಟ್ಟೆ. ನನ್ನ ಜೊತೆಗೇ ಮೊಳೆಯೂ ಹೊರಬಂತು, ಹ್ಯಾಂಡಲ್ ನೆಟ್ಟಗಾಯಿತು. ನನ್ನ ಜಾಗದಲ್ಲಿ ಹೊಳೆಯುವ ಹೊಸಬ ಕೂತ, ವೈರಿನ ಕಪ್ಲರ್ ಸಿಕ್ಕಿಸಿದರು. ಹೊಸ ಚಾವಿ ಹಾಕಿ ಫಕ್ಕೀರವ್ವ ಅಭ್ಯಾಸಬಲದಿಂದ ಕೂದಲೆಳೆಯಷ್ಟು ಹಿಂದಕ್ಕೆ ಎಳೆದಳು. ಅವನಿಗೆ ಅದು ಬೇಕಿರಲಿಲ್ಲ, ಬೆಣ್ಣೆಯಂತೆ ತಿರುಗಿದ.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಿಲ್ಲ.

ಹಳೆಯ ಚಾವಿಯನ್ನು ಅವಳು ಎಸೆಯಲಿಲ್ಲ, ಪೆಟ್ರೋಲ್ ಟ್ಯಾಂಕಿಗೆ ಅದೇ ಬೇಕಲ್ಲ. "ಒಂದು ಗಾಡಿಗೆ ಎರಡು ಚಾವಿ. ದೊಡ್ಡ ಸಾವಕಾರ್ತಿ ಆದಿ ನೋಡವಾ," ಎಂದ ಯಮನಪ್ಪ. "ಇನ್ನೊಂದು ಕೀಲಿ ಕೆಟ್ಟರ ಮೂರು ಮಾಡತೀನ್ರಿ," ಎಂದಳು. ನನ್ನನ್ನೂ ಎಸೆಯಲಿಲ್ಲ, ಸೆರಗಿಗೆ ಕಟ್ಟಿಕೊಂಡಳು.

ಮುಂದಿನ ಸಂತೆಗೆ ಮುದಕಪ್ಪ, "ಗಾಡಿ ಬ್ಯಾರೆ ಕಡೆ ಹಚ್ಚು" ಎಂದು ಹೇಳಿ ಕಳಿಸಿದ. ಅವಳು ಅದೇ ಬೇವಿನ ಕೆಳಗೆ ಹಚ್ಚಿದಳು. "ಓಡಿ ಹೋಗೋದು ಕಳ್ಳ. ನಾನ್ಯಾಕ ಜಾಗಾ ಬಿಡ್ಲಿ?" ಎಂದಳು ರಾಜಾಬಿಗೆ. ಆಮೇಲೆ ತೂಗುಹಾಕಿದ, ದನ ಕಟ್ಟುವ ಕಣ್ಣಿಗಳು ಗಾಳಿಗೆ ಸಿಕ್ಕಾಗದಂತೆ ನನ್ನನ್ನು ಒಂದರ ತುದಿಗೆ ಭಾರವಾಗಿ ಕಟ್ಟಿದಳು. ಕೊಳ್ಳಲು ಬಂದವರು ನನ್ನ ಗಂಟಲಲ್ಲಿ ಸಿಕ್ಕ ಉಕ್ಕಿನ ತುಂಡು ಮುಟ್ಟಿ, "ಇದೇನಬೇ?" ಎಂದು ಕೇಳುತ್ತಿದ್ದರು.

"ಕಳ್ಳನ ಹಲ್ಲು," ಅನ್ನುತ್ತಿದ್ದಳು.

ಸುಗ್ಗಿ ಮುಗಿದ ಮೇಲೆ ಒಂದು ಸಂತೆಗೆ ಇಸ್ತ್ರಿ ಅಂಗಿಯೊಂದು ನಮ್ಮ ಸಾಲಿಗೆ ಬಂತು. ಎದ್ದು ಕಾಣುವಂಥ ಮುಖವಲ್ಲ. ಫಕ್ಕೀರವ್ವ ಅಂದು ಅವನ ಬೆನ್ನನ್ನಷ್ಟೇ ನೋಡಿದ್ದಳು. ನಾನು ಅವನ ಅಂಗೈ ಬಲ್ಲೆ. ಅವನು ಒಂದು ಕಣ್ಣಿ ಹಿಡಿದು ಜಗ್ಗಿ ನೋಡಿದ. ಅದರ ತುದಿಯಲ್ಲಿ ನಾನಿದ್ದೆ. ಅವನ ಕಣ್ಣು ನನ್ನ ಬಾಯಿಗೆ ಬಿತ್ತು, ಬಾಯೊಳಗಿನ ತುಂಡಿಗೆ ಬಿತ್ತು, ಅಲ್ಲೇ ನಿಂತಿತು.

"ಎಷ್ಟು ಮಾರು ಬೇಕಣ್ಣ?" ಫಕ್ಕೀರವ್ವ ಕೇಳಿದಳು.

ಅವನು ಹಿಡಿದ ಕಣ್ಣಿ ಕಟ್ಟು ಕಳಚಿ ನೆಲಕ್ಕೆ ಬಿತ್ತು. ಬೇವಿನ ಕೆಳಗಿಂದ ರಾಜಾಬಿಯ ಧ್ವನಿ ಬಂತು. ಏರಿಸಿದ ಧ್ವನಿಯಲ್ಲ; ಶೇಂಗಾ ಅಳೆಯುತ್ತಲೇ ಕೇಳಿದಳು.

"ಏನಪಾ, ಚಾವಿ ಸಿಕ್ಕತೇನು?"

ಹೋದ ಸಲ ಅವನು ನಡೆದುಕೊಂಡು ಹೋಗಿದ್ದ. ಈ ಸಲ ಓಡಿದ. ಸಾಲಿನವರು ನಾಲ್ಕು ಜನ ಬಸ್ ನಿಲ್ದಾಣದವರೆಗೂ ಬೆನ್ನು ಹತ್ತಿದರು. ಸಿಗಲಿಲ್ಲ. ಆದರೆ ಇಡೀ ಸಾಲು ಅವನ ಮುಖ ನೋಡಿಕೊಂಡಿತು, ನನಗೆ ಅಷ್ಟು ಸಾಕು. ಫಕ್ಕೀರವ್ವ ಅವನು ಬಿಟ್ಟುಹೋದ ಕಣ್ಣಿಯನ್ನು ಎತ್ತಿ, ಧೂಳು ಕೊಡವಿ, ಮತ್ತೆ ಮೇಲಕ್ಕೆ ಕಟ್ಟಿದಳು.

ಈಗ ನನಗೆ ವಯಸ್ಸಾಗಿದೆ. ತುಕ್ಕು ಹಿಡಿದಿದೆ. ಯಾವ ಚಾವಿಯೂ ನನ್ನೊಳಗೆ ಹೋಗದು. ಕಳೆದ ಮಹಾನವಮಿಗೆ ಮುದಕಪ್ಪ ಕುಂಕುಮದ ಬಟ್ಟಲು ಹಿಡಿದು ಹೊಸ ಕೀಲಿಯ ಮುಂದೆ ನಿಂತಾಗ ಫಕ್ಕೀರವ್ವ ಅವನ ಕೈ ಹಿಡಿದು ನನ್ನ ಕಡೆ ತಿರುಗಿಸಿದಳು. "ಹಾಕೂದಿದ್ದರ ಇದರ ಬಾಯಿಗೆ ಹಾಕ್ರಿ. ಇದು ಗಳಿಸೇತಿ."

ಆ ಕುಂಕುಮ ಇನ್ನೂ ನನ್ನ ಬಾಯಲ್ಲಿದೆ, ಕಳ್ಳನ ಹಲ್ಲಿನ ಮೇಲೆ. ಒಳಗೆ ಎರಡು ಎಸಳು ಇನ್ನೂ ನೆಟ್ಟಗೆ ನಿಂತಿವೆ. ಗಾಳಿ ಬೀಸಿದಾಗ ಕಣ್ಣಿಯ ತುದಿಯಲ್ಲಿ ಎತ್ತ ಬೇಕಾದರೂ ತಿರುಗುತ್ತೇನೆ. ಅದು ಗಾಳಿಗೆ. ಮನುಷ್ಯರಲ್ಲಿ ಕೊನೆಕೊನೆಗೆ ಅವಳೊಬ್ಬಳ ಕೈಗೆ ತಿರುಗುತ್ತಿದ್ದೆ. ಅವನ ಕೈಗೆ ತಿರುಗಲಿಲ್ಲ.