ನೆರೆ ನಿಂತ ಗೆರೆ

ಹೊಸ ಭೂಗೋಳದ ಟೀಚರ್ ದನಿ ಮೂರನೆಯ ಬೆಂಚಿನ ಆಚೆ ಹೋಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನಾಲ್ಕನೆಯ ಬೆಂಚಿನವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಹಾಗಾಗಿ ಅವಳು ಬಾಯಿಯ ಕೆಲಸವನ್ನು ಕೈಗೆ ವಹಿಸಿದ್ದಳು. ಬೆಟ್ಟದ ಪಾಠದ ದಿನ ಒಂದು ಬೋಗುಣಿ, ಅರ್ಧಕ್ಕೆ ಕೊಯ್ದ ದೊಡ್ಡ ಆಲೂಗಡ್ಡೆ, ಒಂದು ಚೊಂಬು ನೀರು ತಂದಳು. ಆಲೂಗಡ್ಡೆಯನ್ನು ಬೋರಲು ಹಾಕಿ, ಸ್ವಲ್ಪ ನೀರು ಹೊಯ್ದು, ನೀರು ಮುಟ್ಟಿದಲ್ಲೆಲ್ಲ ಸುತ್ತಲೂ ಸೂಜಿಯಿಂದ ಗೀರಿದಳು. ಇನ್ನಷ್ಟು ನೀರು, ಇನ್ನೊಂದು ಗೀರು.

"ನೀರು ಯಾವತ್ತೂ ಮಟ್ಟವಾಗೇ ನಿಲ್ಲುತ್ತೆ. ಅದಕ್ಕೇ ಒಂದು ಗೆರೆ ಮೇಲಿರೋ ಜಾಗ ಎಲ್ಲ ಒಂದೇ ಎತ್ತರ."

"ಮಿಸ್, ಪಾಠ ಮುಗಿದ್ಮೇಲೆ ಬೆಟ್ಟ ಬೇಯಿಸ್ತೀರಾ?"

ಕೇಳಿದವಳು ಕಡ್ಡಿ. ಹೆಸರು ಬೇರೆಯೇ ಇತ್ತು, ಆದರೆ ಮೈಕಟ್ಟಿಗೂ ನಾಲಿಗೆಯ ಚೂಪಿಗೂ ಎಲ್ಲರೂ ಇಟ್ಟದ್ದು ಅದೇ. ತರಗತಿ ಗೊಳ್ಳೆಂದಿತು. ಟೀಚರ್‌ಗೂ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ಆ ಮಕ್ಕಳು ಅವಳವರಾದರು.

ಶಾಲೆಯ ಮುಖ್ಯೋಪಾಧ್ಯಾಯಿನಿ ಅವಳ ಸ್ವಂತ ಚಿಕ್ಕಮ್ಮ. ಊಟ, ವಾಸ ಎಲ್ಲ ಅವರ ಮನೆಯಲ್ಲೇ. ಶಾಲೆಯ ಗೇಟು ದಾಟಿದರೆ ಮಾತ್ರ 'ಮೇಡಂ' ಎನ್ನಬೇಕು. ಪದವಿ ಮುಗಿಸಿ, ನೆಂಟರು ಬಂದರೆ ಕೋಣೆಯ ಚಿಲಕ ಹಾಕಿಕೊಂಡು ಡೈರಿ ಬರೆಯುತ್ತ ಕೂತಿದ್ದವಳನ್ನು ಹೊರಗೆಳೆದು ತಂದದ್ದೂ ಚಿಕ್ಕಮ್ಮನೇ. "ಅವಳಿಗೇನೂ ಬರಲ್ಲ ಅನ್ಬೇಡ ಅಕ್ಕಾ, ನನಗೆ ಬಿಡು" ಎಂದು ಅಮ್ಮನ ಬಾಯಿ ಮುಚ್ಚಿಸಿದ್ದರು. ಆ ಒಂದು ಮಾತಿಗೆ ಅವಳು ಚಿಕ್ಕಮ್ಮ ಹಾಕಿದ ಗೆರೆ ದಾಟುತ್ತಿರಲಿಲ್ಲ.

ನಕ್ಷೆಯ ಯೋಚನೆಯೂ ಚಿಕ್ಕಮ್ಮನದೇ.

"ಶಾಲೆ ಹಿಂದಿನ ಇಳಿಜಾರು, ಹಳ್ಳ, ಅಲ್ಲಿನ ಮನೆಗಳು, ಎಲ್ಲ ಬರೆಸು. ನೆಲವೂ ಇರಲಿ, ಜನವೂ ಇರಲಿ," ಎಂದರು ಒಂದು ಸಂಜೆ, ತಟ್ಟೆ ತೊಳೆಯುತ್ತ. "ದೊಡ್ಡ ನೆರೆ ಬಂದಾಗ ನೀರು ಎಲ್ಲಿ ತನಕ ಬಂದಿತ್ತು ಅಂತ ಅಲ್ಲಿನ ಅಜ್ಜಿಯರನ್ನ ಕೇಳಿಸು. ಶಾಲೆಯ ಪ್ರದರ್ಶನಕ್ಕೆ ಚೆನ್ನಾಗಿರುತ್ತೆ."

ತರಗತಿಯ ಅರ್ಧ ಮಕ್ಕಳ ಮನೆ ಆ ಇಳಿಜಾರಿನಲ್ಲೇ. ಅವರಿಗೆ ರೆಕ್ಕೆ ಬಂದಂತಾಯಿತು. ನಲ್ಲಿ ಎಲ್ಲಿದೆ, ದರ್ಜಿ ಎಲ್ಲಿ ಕೂರುತ್ತಾನೆ, ಯಾರ ಮೆಟ್ಟಿಲು ಮುರಿದಿದೆ, ಒಂದನ್ನೂ ಬಿಡದೆ ಹಾಳೆಗೆ ಇಳಿಸಿದರು. "ಎಲ್ಲ ತೋರಿಸಿ. ನಕ್ಷೆ ಏನನ್ನೂ ಮುಚ್ಚಿಡಬಾರದು" ಎಂದಿದ್ದಳು ಟೀಚರ್.

ನೆರೆಯ ಸಂಗತಿ ಮಾತ್ರ ಎಡವಟ್ಟಾಯಿತು. ಕಡ್ಡಿಯ ಅಜ್ಜಿ ಟೀಚರನ್ನು ಒಳಗೆ ಕರೆದು, ಗೋಡೆಯಲ್ಲಿನ ದೀಪದ ಗೂಡು ತೋರಿಸಿದರು.

"ನೀರು ಇಲ್ಲೀ ತನಕ ಮಗಳೇ. ನಾನು ಅಟ್ಟದ ಮೇಲೆ, ಕೋಳಿ ನನ್ನ ತಲೆ ಮೇಲೆ."

ಇಳಿಜಾರಿನಲ್ಲಿ ಅವರಿಗಿಂತ ಮೇಲಿದ್ದ ಮನೆಯ ಅಜ್ಜಿ ಬಾಗಿಲಿನಿಂದಲೇ ಬಾಯಿ ಹಾಕಿದರು. "ಅವಳಿಗೆ ಗೂಡಿನ ತನಕನಾ? ನಮ್ಮನೇಲಿ ಕಿಟಕಿ ಮುಳುಗಿತ್ತು."

ಅದಕ್ಕೂ ಮೇಲಿನ ಮನೆಯಲ್ಲಿ ಬಾಗಿಲೇ ಮುಳುಗಿತ್ತು. ಒಬ್ಬರಿಗಿಂತ ಒಬ್ಬರು ಹೆಚ್ಚು ನೆನೆದವರು. ಮಕ್ಕಳು ಅಜ್ಜಿಯರು ಹೇಳಿದ ಗುರುತುಗಳನ್ನೆಲ್ಲ ಕೂಡಿಸಿ ನೀಲಿ ಗೆರೆ ಎಳೆದಾಗ ಅದು ಹಳ್ಳದ ಗುಂಟ ಹೋಗದೆ ಓರೆಯಾಗಿ ಗುಡ್ಡ ಹತ್ತಿತು.

"ಮಿಸ್, ನೀರು ಮೆಟ್ಟಿಲು ಹತ್ತಿದೆ," ಎಂದಳು ಕಡ್ಡಿ.

ಅಳಿಸಿದರೆ ಮಕ್ಕಳೆದುರು ಅವರ ಅಜ್ಜಿಯರನ್ನೇ ಸುಳ್ಳುಗಾರರು ಎಂದಂತೆ. ಟೀಚರ್‌ಗೆ ಮನಸ್ಸಾಗಲಿಲ್ಲ. 'ಇದು ಹಿರಿಯರು ಹೇಳಿದ್ದು, ಅಳೆದದ್ದಲ್ಲ' ಎಂದು ಕೆಳಗೆ ಒಂದು ಸಾಲು ಬರೆದು ಹಾಗೇ ಬಿಟ್ಟಳು. ಪ್ರದರ್ಶನದ ಹಿಂದಿನ ದಿನ ಚಿಕ್ಕಮ್ಮ ಆ ಸಾಲಿನ ಮೇಲೆ ಬೆರಳಿಟ್ಟರು. "ಇದು ಬೇಡ, ನೋಡೋಕೆ ಗಲೀಜು." ಅವಳೇ ಬಿಳಿ ಬಣ್ಣ ಬಳಿದು ಮುಚ್ಚಿದಳು. ಮೂಲೆಯಲ್ಲಿ ಅವಳ ಸಹಿ, ಮೇಲೆ ಶಾಲೆಯ ಮುದ್ರೆ.

ಪ್ರದರ್ಶನಕ್ಕೆ ನಗರಸಭೆಯವರು ಬಂದರು. ಚಿಕ್ಕಮ್ಮ ಅವರನ್ನು ನೇರ ನಕ್ಷೆಯ ಮುಂದೆ ನಿಲ್ಲಿಸಿದರು. ಒಬ್ಬರು ಫೋಟೋ ತೆಗೆದುಕೊಂಡರು. ಹೊಗಳಿಕೆ ಕೇಳಿ ಟೀಚರ್‌ಗೆ ಕಿವಿಯವರೆಗೂ ಬಿಸಿಯಾಯಿತು.

ಮುಂದಿನ ತಿಂಗಳು ನೀಲಿ ಗೆರೆಯ ಕೆಳಗಿದ್ದ ಬಾಗಿಲುಗಳಿಗೆಲ್ಲ ಚೀಟಿ ಅಂಟಿತು. ನೆರೆ ಬರುವ ಜಾಗ, ವಾಸಕ್ಕೆ ಯೋಗ್ಯವಲ್ಲ, ತೆರವು ಮಾಡಬೇಕು. ಚೀಟಿಯ ಹಿಂದೆ ಮಕ್ಕಳು ಬರೆದ ನಕ್ಷೆಯದೇ ಪ್ರತಿ. ಖಾಲಿಯಾದ ಜಾಗ ಶಾಲೆಯ ಆಟದ ಮೈದಾನಕ್ಕೆ.

ಅವತ್ತು ಅವಳು ಮನೆಗೆ ಹೋದಾಗ ಚಿಕ್ಕಮ್ಮ ಬಟ್ಟೆ ಮಡಚುತ್ತಿದ್ದರು.

"ಆ ಗೆರೆ ತಪ್ಪು, ಚಿಕ್ಕಮ್ಮಾ. ನೀರು ಓರೆಯಾಗಿ ನಿಲ್ಲಲ್ಲ. ನಗರಸಭೆಯವರಿಗೆ ಹೇಳ್ಬೇಕು."

"ನನಗೂ ಗೊತ್ತು ಕಣೇ."

ಗೊತ್ತಿಲ್ಲದೆ ಆಗಿದೆ ಎಂದುಕೊಂಡೇ ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

"ಗೊತ್ತಿದ್ದೂ ಆ ಸಾಲು ಅಳಿಸಿದ್ರಾ?"

"ಅಳಿಸಿದ್ದು ನೀನು." ಚಿಕ್ಕಮ್ಮ ಸೀರೆಯ ಅಂಚನ್ನು ಅಂಚಿಗೆ ಕೂಡಿಸಿದರು. "ಎಷ್ಟು ವರ್ಷದಿಂದ ಮೈದಾನ ಕೇಳ್ತಿದೀನಿ. ನಾನು ಬರೆದುಕೊಟ್ರೆ ನನ್ನ ಸ್ವಾರ್ಥ ಅಂತಾರೆ. ಆ ಮನೆ ಮಕ್ಕಳೇ ಬರೆದ್ರೆ ಯಾರು ಬಾಯಿ ತೆಗೀತಾರೆ? ಅವರಿಗೆ ಬೇರೆ ಕಡೆ ಮನೆ ಕೊಡ್ತಾರೆ. ನೀನು ತಲೆ ಕೆಡಿಸ್ಕೋಬೇಡ."

"ಅದಕ್ಕಾ ನನ್ನನ್ನ ಕರೆದಿದ್ದು?"

ಚಿಕ್ಕಮ್ಮ ತಲೆ ಎತ್ತಿದರು. "ನಿನ್ನ ಮಾತನ್ನ ಆ ಮಕ್ಕಳು ನಂಬ್ತಾರೆ. ಅದೊಂದು ನನ್ನ ಕೈಲಿ ಆಗಲ್ಲ."

ಹೊಗಳುವ ದನಿಯಲ್ಲೇ ಹೇಳಿದರು. ಅದೇ ಅವಳಿಗೆ ನುಂಗಲಾಗಲಿಲ್ಲ.

ಮರುದಿನ ನಗರಸಭೆಗೆ ಹೋದಳು. ಹೇಳಬೇಕಾದ್ದನ್ನು ಎರಡೆರಡು ಸಲ ಹೇಳಬೇಕಾಯಿತು. ಗುಮಾಸ್ತ ಕೇಳಿಸಿಕೊಂಡು, "ನಿಮ್ಮ ಸಹಿ ಇದೆಯಲ್ಲಮ್ಮ. ಪಾಠ ಹೇಳೋರೇ ತಪ್ಪು ಬರೆದ್ರೆ ನಾವು ಯಾರನ್ನ ನಂಬೋಣ?" ಎಂದ. ಅವಳು ಬರೆದುಕೊಟ್ಟ ಹಾಳೆ ಇತರ ಹಾಳೆಗಳ ಮೇಲೆ ಕೂತಿತು. "ನೋಡ್ತೀವಿ."

ಅವಳು ನೆಟ್ಟಗೆ ತರಗತಿಗೆ ಬಂದು ಬೋಗುಣಿ ಮೇಜಿನ ಮೇಲಿಟ್ಟಳು. ಆಲೂಗಡ್ಡೆ, ನೀರು, ಸೂಜಿ. "ನಾನು ಒಪ್ಪಿದ ನೀಲಿ ಗೆರೆ ತಪ್ಪು. ನಿಮ್ಮದಲ್ಲ, ನನ್ನ ತಪ್ಪು. ಹಾಗಂತ ನಗರಸಭೆಗೂ ಬರೆದುಕೊಟ್ಟಿದೀನಿ." ಈ ಸಲ ಅವಳ ದನಿ ಕಡೆಯ ಬೆಂಚಿಗೂ ಮುಟ್ಟಿತು. ಯಾರೂ ನಗಲಿಲ್ಲ, ಬೆಟ್ಟ ಬೇಯಿಸುವ ಮಾತೂ ಬರಲಿಲ್ಲ.

"ಹೊಸದಾಗಿ ಬರೆಯೋಣ. ಮೊದಲು ನೆಲ, ಆಮೇಲೆ ಜನ."

ಕಡ್ಡಿ ಬಗ್ಗಿ ಬರೆದಳು. ಟೀಚರ್ ಹತ್ತಿರ ಹೋಗಿ ನೋಡಿದಳು. ಇಳಿಜಾರು ಇತ್ತು, ಹಳ್ಳದ ತಿರುವು ಇತ್ತು, ಒಂದೊಂದು ಗೆರೆಯೂ ಮಟ್ಟವಾಗಿ, ಎಲ್ಲೂ ಇನ್ನೊಂದನ್ನು ಮುಟ್ಟದೆ ಸುತ್ತಿತ್ತು. ಇಷ್ಟು ಸರಿಯಾದ ನಕ್ಷೆಯನ್ನು ಆ ತರಗತಿಯಲ್ಲಿ ಯಾರೂ ಬರೆದಿರಲಿಲ್ಲ. ನಲ್ಲಿ ಇರಲಿಲ್ಲ, ದರ್ಜಿ ಇರಲಿಲ್ಲ, ಮುರಿದ ಮೆಟ್ಟಿಲಿರಲಿಲ್ಲ.

"ಮನೆಗಳು?"

ಕಡ್ಡಿ ಪೆನ್ಸಿಲನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಅದನ್ನ ನಿಮಗೆ ಹೇಳಬೇಡ ಅಂದಿದಾರೆ ನಮ್ಮಜ್ಜಿ," ಎಂದಳು. ನಾಲಿಗೆಯಲ್ಲಿ ಚೂಪು ಇರಲಿಲ್ಲ. ಪರವೂರಿನವರು ದಾರಿ ಕೇಳಿದಾಗ ಉತ್ತರಿಸುವ ಹಾಗೆ, ಮರ್ಯಾದೆಯಿಂದ ಹೇಳಿದಳು.