ತಾನೇ ಈಜುವ ಮೀನು

ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಆ ಹೆಂಗಸಿಗೆ ಮನೆಯಲ್ಲಿ ಕೂತು ಕೂತು ತಲೆ ಚಿಟ್ಟು ಹಿಡಿದಿತ್ತು. ಪ್ಲಾಸ್ಟರ್ ಬಿಚ್ಚಿದ್ದರೂ ಕೈ ಕೊರಡಿನಂತಿತ್ತು. ಕುಂಚ ಹಿಡಿದರೆ ಅಕ್ಷರಗಳು ಕುಡಿದವರಂತೆ ತೂರಾಡುತ್ತಿದ್ದವು. ಹಿಸುಕಲೆಂದು ಡಾಕ್ಟರಮ್ಮ ಕೊಟ್ಟ ರಬ್ಬರ್ ಚೆಂಡನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

"ಹಾಗಾದ್ರೆ ನನ್ನ ಜೊತೆ ಗಾಳ ಹಾಕೋಕೆ ಬಾ," ಅಂದರು ಭಾವ. ಅಕ್ಕನ ಗಂಡನಾದ ಅವರು ಬಂದರಿನಲ್ಲಿ ಕ್ರೇನ್ ನಡೆಸುವವರು. ರಜೆ ಸಿಕ್ಕಿತೆಂದರೆ ಸಮುದ್ರದ ಕಲ್ಲುಗೋಡೆಯ ಮೇಲೆಯೇ ವಾಸ. ಹಗುರವಾದ ಕೋಲು ಹಿಡಿದರೆ ಕೈಗೆ ಒಳ್ಳೆಯದೇ ಎಂದು ಡಾಕ್ಟರಮ್ಮನೂ ಹೂಂ ಅಂದರು.

ಭಾವ ಎರೆಹುಳ, ಸಿಗಡಿ ಯಾವುದನ್ನೂ ಮುಟ್ಟುವವರಲ್ಲ. ಅವರದೆಲ್ಲ ಲೂರ್, ಎಂದರೆ ಮೀನನ್ನು ಮರುಳು ಮಾಡಲು ಪ್ಲಾಸ್ಟಿಕ್ಕಿನಲ್ಲೋ ತಗಡಿನಲ್ಲೋ ಮಾಡಿದ ಹುಸಿಮೀನು. ಅದನ್ನು ಮಾರುವ ಅಂಗಡಿಗೆ ಕಾಲಿಟ್ಟದ್ದೇ ತಡ, ಬಣ್ಣದ ಮೇಲೆ ಬದುಕಿದ ಅವಳ ಕಣ್ಣು ಅರಳಿತು. ಗೋಡೆ ತುಂಬ ಕೇಸರಿ, ಗಿಣಿಹಸಿರು, ನವಿಲುಗತ್ತಿನ ನೀಲಿ. ಭಾವ ಬೇಡವೆನ್ನುವ ಮೊದಲೇ ಮಿರಮಿರ ಮಿಂಚುವುದನ್ನೆಲ್ಲ ಬುಟ್ಟಿಗೆ ಹಾಕಿಕೊಂಡಳು. ಭಾವ ತಮ್ಮ ಕಡೆಯಿಂದ ಅವಳಿಗೆ ತೇಲುವ ಉದ್ದನೆಯದೊಂದನ್ನು ಆರಿಸಿಕೊಟ್ಟರು. "ಇದನ್ನ ಕೋಲಿನ ತುದಿಯಿಂದ ಜಗ್ಗಿ ಜಗ್ಗಿ ಕುಣಿಸ್ಬೇಕು. ಮೀನು ಎಗರಿ ಬೀಳುತ್ತೆ ನೋಡು."

ಎಗರಿದ್ದು ಮೀನಲ್ಲ, ನೋವು. ಜಗ್ಗಿದಾಗೆಲ್ಲ ಮಣಿಕಟ್ಟಿನಲ್ಲಿ ಚಳಕು ಹೊಡೆದು ಮೊಣಕೈವರೆಗೆ ಏರುತ್ತಿತ್ತು. ಇನ್ನು ಆ ಬಣ್ಣದ ಸುಂದರಿಯರೋ, ಹೊಟ್ಟೆಯಡಿ ಮೂರು ಮುಳ್ಳಿನ ಕೊಕ್ಕೆ ತೂಗಾಡಿಸಿಕೊಂಡು ಮುಳುಗಿದವರೇ ಬಂಡೆಯನ್ನು ಗಂಡನ ಹಾಗೆ ತಬ್ಬಿಕೊಂಡರು. ಎಳೆದರೆ ದಾರವೇ ತುಂಡು. ಕತ್ತಲಾಗುವ ಹೊತ್ತಿಗೆ ಬುಟ್ಟಿ ಖಾಲಿ.

"ಎಲ್ಲರಿಗೂ ಇದು ಒಗ್ಗಲ್ಲ ಬಿಡಮ್ಮ," ಅಂದರು ಭಾವ, ಸಮಾಧಾನಕ್ಕೆ. ಅವಳಿಗೆ ಆ ಸಮಾಧಾನವೇ ಗಾಯದ ಮೇಲೆ ಉಪ್ಪು ಸುರಿದಂತಾಯಿತು.

ಮರುದಿನ ಕೋಲನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಹೋಗಿ ಕಲ್ಲುಗೋಡೆಯ ಮೇಲೆ ಕೂತಳು. ಅಕ್ಷರ ಬರೆಯುವ ಮುಂಚೆ ಗೋಡೆಯನ್ನು ದಿಟ್ಟಿಸುವುದು ಅವಳ ರೂಢಿ. ಈಗ ನೀರನ್ನು ದಿಟ್ಟಿಸಿದಳು. ಉಬ್ಬರ ಏರುತ್ತಿತ್ತು. ಕಲ್ಲಿನ ಬುಡಕ್ಕೆ ಅಂಟಿಕೊಂಡಂತೆ ಬೆರಳುದ್ದದ ಮರಿಮೀನುಗಳ ಹಿಂಡು ಸಾಗುತ್ತಿತ್ತು. ಬೆನ್ನು ಬೂದು, ಹೊಟ್ಟೆ ಬಿಳುಪು. ಕೇಸರಿಯೂ ಇಲ್ಲ, ನವಿಲುನೀಲಿಯೂ ಇಲ್ಲ. ಅವು ಕುಣಿಯುತ್ತಲೂ ಇರಲಿಲ್ಲ. ತಮ್ಮ ಪಾಡಿಗೆ ಬಾಲ ಅಲ್ಲಾಡಿಸುತ್ತ ನಿಧಾನವಾಗಿ ಹೋಗುತ್ತಿದ್ದವು. ಇದ್ದಕ್ಕಿದ್ದಂತೆ ಕೆಳಗಿನಿಂದ ಏನೋ ದೊಡ್ಡದು ಹೊರಳಿತು. ಹಿಂಡು ಚೆಲ್ಲಾಪಿಲ್ಲಿಯಾಯಿತು.

ಅವಳು ಎದ್ದವಳೇ ನೇರ ಅಂಗಡಿಗೆ ನಡೆದಳು.

"ನಾನು ಕುಣಿಸದೇ ಇದ್ರೂ ತಾನೇ ಈಜೋದು ಯಾವುದಿದೆ?" ಎಂದು ಕೇಳಿದಳು. "ಬೆರಳುದ್ದ ಇರ್ಬೇಕು, ಬೂದು ಬಣ್ಣ. ಕಲ್ಲಿಗೆ ಸಿಕ್ಕೋಬಾರದು."

ಅಂಗಡಿಯಾಕೆ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಮೆತ್ತನೆಯ ರಬ್ಬರ್ ಮೀನುಗಳ ಡಬ್ಬಿಯನ್ನೇ ಮುಂದಿಟ್ಟಳು. ಮೂತಿಯಲ್ಲಿ ಸೀಸದ ಗುಂಡು, ಬೆನ್ನ ಮೇಲೆ ಒಂದೇ ಒಂದು ಕೊಕ್ಕೆ, ಅದೂ ಮೇಲ್ಮುಖ. ಹಿಂದೆ ದೋಣಿಯ ಹುಟ್ಟಿನಂಥ ಪುಟ್ಟ ಬಾಲ.

"ಒಂದು ಬಕೆಟ್ ನೀರು ಕೊಡ್ತೀರಾ?"

"ಸ್ನಾನ ಮಾಡ್ಸಿ ನೋಡ್ತೀಯೇನಮ್ಮ?" ಎಂದು ನಗುತ್ತಲೇ ಅಂಗಡಿಯಾಕೆ ಬಕೆಟ್ ತಂದಿಟ್ಟಳು.

ಒಂದೊಂದನ್ನೇ ದಾರಕ್ಕೆ ಕಟ್ಟಿ ನೀರಿನಲ್ಲಿ ಎಳೆದು ನೋಡಿದಳು. ಗುಂಡು ಭಾರವಾಗಿದ್ದರೆ ಧೊಪ್ಪನೆ ತಳ ಸೇರುತ್ತಿತ್ತು. ಬಾಲ ಗಡುಸಾಗಿದ್ದರೆ ಸತ್ತ ಹಾಗೆ ಬರುತ್ತಿತ್ತು. ಕೊನೆಗೆ ಒಂದು ಮಾತ್ರ, ಎಷ್ಟು ಮೆಲ್ಲಗೆ ಎಳೆದರೂ ಥರಥರ ಬಾಲ ಬಡಿಯುತ್ತ ಜೀವ ಬಂದಂತೆ ಈಜಿತು. ಅವಳ ಕೈಗೆ ಒಂದಿಷ್ಟೂ ನೋವಾಗಲಿಲ್ಲ.

"ಇಂಥದ್ದೇ ಎರಡು ಕೊಡಿ, ಸಾಕು," ಅಂದಳು.

ಸಂಜೆ ಅದನ್ನು ಕಂಡು ಭಾವನಿಗೆ ನಗು. "ಇಷ್ಟು ಸಪ್ಪೆ ಮುಖದ್ದಾ? ಇದನ್ನ ನೋಡಿ ಮೀನು ಆಕಳಿಸುತ್ತೆ ಅಷ್ಟೆ."

ಅವಳು ಅದನ್ನು ದಾರಕ್ಕೆ ಕಟ್ಟಿದಳು. ಕಲ್ಲುಗೋಡೆಯ ಉದ್ದಕ್ಕೇ ಬೀಸಿದಳು, ಮುಳುಗಲು ಬಿಟ್ಟಳು, ಎಡಗೈಯಿಂದ ದಾರ ಸುತ್ತುವ ರೀಲು ತಿರುಗಿಸತೊಡಗಿದಳು. ಬಲಗೈಗೆ ಕೋಲು ಹಿಡಿದಿರುವುದಷ್ಟೇ ಕೆಲಸ. ಬಾಲದ ಮಿಡಿತ ದಾರದುದ್ದಕ್ಕೂ ಹರಿದು ಅಂಗೈಗೆ ಬರುತ್ತಿತ್ತು. ಬೀಸಿದಳು, ಸುತ್ತಿದಳು, ಮತ್ತೆ ಬೀಸಿದಳು. ಒಮ್ಮೆಯೂ ಬಂಡೆಗೆ ಸಿಕ್ಕಿಕೊಳ್ಳಲಿಲ್ಲ. ಅತ್ತ ಭಾವ ಜಗ್ಗಿ ಜಗ್ಗಿ ಬೆವೆತಿದ್ದರು.

ಹಠಾತ್ತನೆ ಮಿಡಿತ ನಿಂತಿತು. ಮರುಕ್ಷಣ ಕೋಲು ಬಿಲ್ಲಿನಂತೆ ಬಾಗಿ, ರೀಲು ಕಿರ್ರೆಂದು ದಾರ ಬಿಡತೊಡಗಿತು.

"ಕೊಡು ಇಲ್ಲಿ! ಕೈ ಮತ್ತೆ ಮುರ್ಕೊಳ್ತೀಯ," ಎಂದು ಭಾವ ಓಡಿಬಂದರು.

"ಮುಟ್ಟಬೇಡಿ ಭಾವ."

ಆ ದನಿಗೆ ಭಾವ ನಿಂತಲ್ಲೇ ನಿಂತರು. ಅವಳು ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಮೀನು ಓಡಿದರೆ ಓಡಲು ಬಿಟ್ಟಳು, ದಣಿದು ನಿಂತರೆ ಸುತ್ತಿಕೊಂಡಳು. ಮಣಿಕಟ್ಟು ನಡುಗಿತು, ಬಿಸಿಯೇರಿತು, ಆದರೆ ಸೋಲಲಿಲ್ಲ. ಕಡೆಗೆ ಕಲ್ಲಿನ ಬುಡದಲ್ಲಿ ಬೆಳ್ಳಿಯ ತಟ್ಟೆಯಂಥ ಮೈಯೊಂದು ಹೊರಳಿದಾಗ ಭಾವನೇ ಮಂಡಿಯೂರಿ ಬಲೆ ಒಡ್ಡಿದರು. ಎತ್ತಲು ಅವರಿಗೆ ಎರಡೂ ಕೈ ಬೇಕಾಯಿತು.

ಅವಳ ತೋಳುದ್ದದ ಮೀನು. ಅದರ ತುಟಿಯ ಅಂಚಿನಲ್ಲಿ ಆ ಸಪ್ಪೆ ಬೂದು ರಬ್ಬರ್ ನೇತಾಡುತ್ತಿತ್ತು.

ಭಾವ ಕೊಕ್ಕೆ ಬಿಡಿಸಿ, ಆ ರಬ್ಬರ್ ಮೀನನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಆಮೇಲೆ, "ಅಲ್ಲಮ್ಮಾ... ಆ ಥರದ್ದು ಇನ್ನೊಂದಿದೆಯಾ?" ಎಂದು ಕೇಳಿದರು.

"ನಿಮಗ್ಯಾಕೆ ಭಾವ, ನಿಮ್ಮ ಕೈ ಗಟ್ಟಿಮುಟ್ಟಾಗೇ ಇದೆಯಲ್ಲ," ಎಂದು ನಕ್ಕು, ಜೇಬಿನಿಂದ ಒಂದನ್ನು ತೆಗೆದು ಕೊಟ್ಟಳು. ತಾನು ಬಲಗೈಯನ್ನು ಒಮ್ಮೆ ಮಡಚಿ, ಬಿಚ್ಚಿ, ಸಂಜೆ ಬೆಳಕು ಇನ್ನೂ ಉಳಿದಿದ್ದ ನೀರಿನ ಕಡೆ ತಿರುಗಿ ಮತ್ತೆ ಬೀಸಿದಳು.