ಹದಿನೇಳನೇ ಬಾಟಲಿ

"ಮತ್ತೆ ಹಾಳಾಯ್ತಲ್ರೀ!" ಪ್ರಯೋಗಾಲಯದ ಮೇಡಂ ಗ್ರಾಫಿನ ಹಾಳೆಯನ್ನು ಮೇಜಿನ ಮೇಲೆ ಒಗೆದರು. "ಮೂರು ದಿನ ಉಪವಾಸ ಇದ್ದ ಜೀವಕೋಶಗಳು ಹೊಸ್ತಿಲಲ್ಲೇ ನಿಂತಿರಬೇಕು. ಇವು ನೋಡಿದ್ರೆ ಅರ್ಧಕ್ಕರ್ಧ ಆಗಲೇ ಡಿಎನ್ಎ ನಕಲು ಶುರು ಮಾಡ್ಕೊಂಡು ಕೂತಿವೆ. ಅಪ್ಪಣೆ ಕೊಟ್ಟೋರು ಯಾರು?"

ಆ ಅಪ್ಪಣೆಯ ಗುಟ್ಟೇ ಅವರ ಹತ್ತು ವರ್ಷದ ಕೆಲಸ. ಊಟ, ಅಂದರೆ ಪೋಷಕ ದ್ರವ, ಸಿಕ್ಕಿದ ಮೇಲೇ ಇಂಥ ಕೋಶ ನಕಲಿಗೆ ಕೈಹಾಕುತ್ತದೆ. ಒಮ್ಮೆ ನಕಲು ಮಾಡಿತೋ, ಎರಡಾಗಿ ಒಡೆಯುವವರೆಗೆ ಮತ್ತೆ ಶುರುಮಾಡುವಂತಿಲ್ಲ. ಅಷ್ಟು ಕಟ್ಟುನಿಟ್ಟು.

ಅಪ್ಪಣೆ ಕೊಟ್ಟ ಸಹಾಯಕಿ ಎದುರಿಗೇ ತಲೆತಗ್ಗಿಸಿ ನಿಂತಿದ್ದಳು. ಹಾಳಾದ ಹದಿನೇಳನೇ ನಂಬರಿನ ಬಾಟಲಿಗಳಲ್ಲಿದ್ದದ್ದು ಅವಳ ಅಕ್ಕನ ಚರ್ಮದ ಕೋಶಗಳು. ಕಾಯಿಲೆಯಲ್ಲಿದ್ದಾಗ ಅಕ್ಕನೇ ಸಂಶೋಧನೆಗೆಂದು ಸಹಿ ಹಾಕಿ ಕೊಟ್ಟದ್ದು. ಅಕ್ಕ ಹೋಗಿ ಎರಡು ವರ್ಷವಾಯಿತು. ಕೊನೆಯ ದಿನ ಬಾಯಿಗೆ ಏನೂ ಹಾಕಬೇಡಿ ಎಂದಿದ್ದರು ಡಾಕ್ಟರು. "ಒಂದೇ ಒಂದು ಚಮಚ ಹಾಲು ಕೊಡೇ," ಎಂದು ಅಕ್ಕ ಸಂಜೆಯವರೆಗೂ ಕೇಳಿದಳು. ಇವಳು ಕೊಡಲಿಲ್ಲ.

ಆ ಮಾತು ಬೆನ್ನು ಬಿಟ್ಟಿದ್ದರೆ ತಾನೇ! ಕೋಶಗಳ ಬೆಚ್ಚನೆಯ ಪೆಟ್ಟಿಗೆ ತೆರೆದರೆ ಸಾಕು, ಒಳಗಿನಿಂದ ಕೇಳುತ್ತಿತ್ತು. ಉಪವಾಸದ ಬಾಟಲಿಗೆ ಕದ್ದು ನಾಲ್ಕು ಹನಿ ಊಟ ಬಿಟ್ಟೇ ಅವಳು ಬಾಗಿಲು ಹಾಕುತ್ತಿದ್ದಳು.

"ನಾನೇ ಮೇಡಂ," ಎಂದಳು. "ಹಸ್ಕೊಂಡಿರೋದು ನೋಡೋಕಾಗ್ಲಿಲ್ಲ. ಅದು ನಮ್ಮಕ್ಕ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉಳಿದಿರೋದು ಒಂದೇ ಬಾಟಲಿ ಕಣಮ್ಮ. ಅಳತೆ ಆದ್ಮೇಲೆ ಅದೂ ಇರೋಲ್ಲ. ಇದೂ ಕೆಟ್ರೆ ನಿಮ್ಮಕ್ಕ ಕೊಟ್ಟಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಬೇರೆಯವರ ಕೈಗೆ ಕೊಡ್ಲಾ?"

"ಬೇಡ. ನಾನೇ ನೋಡ್ಕೋತೀನಿ."

ಮೂರು ದಿನ ಅವಳೂ ಊಟದ ಡಬ್ಬಿ ತೆರೆಯಲಿಲ್ಲ. ಹುಚ್ಚು ಎಂದರೆ ಹುಚ್ಚೇ. ಎರಡನೇ ದಿನ "ಒಂದೇ ಚಮಚ ಕಣೇ" ಎಂದದ್ದು ಕಿವಿಯ ಪಕ್ಕದಲ್ಲೇ ಕೇಳಿತು. ಕೈ ತಾನಾಗಿ ಊಟದ ಸೀಸೆಯ ಕಡೆ ಹೋಯಿತು. "ಇಲ್ಲ ಅಕ್ಕಾ," ಎಂದು ಗಟ್ಟಿಯಾಗಿಯೇ ಹೇಳಿ ಬಾಗಿಲು ಹಾಕಿದಳು.

ನಾಲ್ಕನೇ ದಿನ ಬೆಳಗ್ಗೆ ಹತ್ತಕ್ಕೆ, ಇನ್ನು ಊಟ ಕೊಡಬಹುದೆಂದು ಮೇಡಂ ತಲೆಯಾಡಿಸಿದರು. ಬಾಟಲಿಗೆ ಹೊಟ್ಟೆತುಂಬ ಊಟ ಸುರಿದು, ಅದರ ಬಾಯಂಚಿಗೆ ನಿಂತ ಹನಿಯನ್ನು ಅವಳು ಮೆಲ್ಲಗೆ ಒರೆಸಿದಳು.

ಮರುದಿನ ಮೇಡಂ ಗ್ರಾಫು ಹಿಡಿದು ಓಡಿಬಂದರು. "ಒಂದೂ ತಪ್ಪಿಲ್ಲ ಕಣ್ರೀ, ಎಲ್ಲಾ ಒಟ್ಟಿಗೇ ಶುರುಮಾಡಿವೆ!"

ಅವಳು ನಕ್ಕಳು. ಆಮೇಲೆ ಹೋಗಿ ಪೆಟ್ಟಿಗೆ ತೆರೆದಳು. ಅಳತೆಗೆ ಹೋದ ಹದಿನೇಳರ ಜಾಗ ಖಾಲಿ. ಅಕ್ಕನ ದನಿಗೆ ಕಿವಿಗೊಟ್ಟು ನಿಂತಳು. ಬಾಗಿಲು ತೆರೆದಿದೆ ಎಂದು ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗತೊಡಗಿತು, ಅವಳು ಮುಚ್ಚಲಿಲ್ಲ.